ಖಾತೆ ಮುಚ್ಚಿಸುವ ಕಾನೂನು: ಮೇಜಿನ ಈಚೆಯಿಂದ ಕಂಡಷ್ಟು

ಭಯೋತ್ಪಾದಕರ ಕೈಗೆ ಫೇಸ್‌ಬುಕ್, ಎಕ್ಸ್, ಯೂಟ್ಯೂಬ್ ಸಿಗಬಾರದು ಎನ್ನುವ ಮಾತಿಗೆ ಯಾರ ತಕರಾರೂ ಇಲ್ಲ. ಸಂಸತ್ತಿನಲ್ಲಿ ಹೇಳಿದರೆ ಮೇಜು ಕುಟ್ಟುತ್ತಾರೆ, ಸಭೆಯಲ್ಲಿ ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ. ಆ ಮಾತು ಕಾನೂನಾಗಿ, ಕಾನೂನು ಆದೇಶವಾಗಿ, ಆದೇಶ ಒಂದು ಪಿಡಿಎಫ್ ಆಗಿ ಕೊನೆಗೆ ಬಂದು ಬೀಳುವುದು ನನ್ನಂಥವರ ಮೇಜಿನ ಮೇಲೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ನಾನು ಮೊದಲು ಮಾಡಿದ್ದು ಜನ ರಿಪೋರ್ಟ್ ಮಾಡಿದ ಪೋಸ್ಟು, ವಿಡಿಯೊಗಳನ್ನು ನೋಡಿ ಇಡಬೇಕೋ ತೆಗೆಯಬೇಕೋ ಎಂದು ಗುಂಡಿ ಒತ್ತುವ ಕೆಲಸ. ಆಮೇಲೆ ಸರ್ಕಾರ, ಪೊಲೀಸ್, ಕೋರ್ಟುಗಳಿಂದ ಬರುವ ಆದೇಶಗಳನ್ನು ನಿಭಾಯಿಸುವ ತಂಡಕ್ಕೆ ಹೋದೆ. ಕಂಪನಿಯ ಹೆಸರು ಹೇಳುವುದಿಲ್ಲವೆಂದು ಸಹಿ ಹಾಕಿಕೊಟ್ಟಿದ್ದೇನೆ. ಕೆಲಸ ಕಲಿಸಿದ್ದನ್ನು ಹೇಳಲು ಅಡ್ಡಿಯಿಲ್ಲ.

1. ಕಾನೂನು ಹುಡುಕುವುದು ಮನುಷ್ಯನನ್ನು, ಕೈಗೆ ಸಿಗುವುದು ಲಿಂಕು

ನಮ್ಮ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಮೊದಲನೇ ಅನುಸೂಚಿಯಲ್ಲಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಯಿದೆ. 2019ರ ತಿದ್ದುಪಡಿಯ ನಂತರ ನಾಲ್ಕನೇ ಅನುಸೂಚಿಯಲ್ಲಿ ವ್ಯಕ್ತಿಗಳನ್ನೂ ಹೆಸರಿಸಬಹುದು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೊದಲು ಅದರೊಳಗೆ ಸೇರಿದವರು ಮಸೂದ್ ಅಜರ್, ಹಫೀಜ್ ಸಯೀದ್, ಝಕೀಉರ್ ರೆಹಮಾನ್ ಲಖ್ವಿ ಮತ್ತು ದಾವೂದ್ ಇಬ್ರಾಹಿಂ. ಪಟ್ಟಿಯೇನೋ ಸ್ಪಷ್ಟವಾಗಿದೆ. ಆದರೆ ಇಂಥವರು ಸ್ವಂತ ಹೆಸರು, ಫೋಟೊ ಹಾಕಿ ಖಾತೆ ತೆರೆದುಕೊಂಡು ಕೂತಿರುವುದಿಲ್ಲ. ನಮ್ಮ ಕ್ಯೂಗೆ ಬರುವುದು ಬೈಕಿನ ಚಿತ್ರ ಹಾಕಿಕೊಂಡ ಯಾವನೋ ಹುಡುಗನ ಖಾತೆ, ಅದರಲ್ಲಿ ಯಾರದೋ ಭಾಷಣದ ನಲವತ್ತು ಸೆಕೆಂಡಿನ ತುಣುಕು.

ಬೆಂಗಳೂರಿನವರಿಗೆ ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. 'ಶಮಿ ವಿಟ್ನೆಸ್' ಎಂಬ ಟ್ವಿಟರ್ ಖಾತೆ ಐಸಿಸ್ ಪರ ಪ್ರಚಾರದಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿತ್ತು. 17 ಸಾವಿರಕ್ಕೂ ಹೆಚ್ಚು ಜನ ಅದನ್ನು ಹಿಂಬಾಲಿಸುತ್ತಿದ್ದರು. ಅದನ್ನು ನಡೆಸುತ್ತಿದ್ದವನು ನಮ್ಮೂರಿನಲ್ಲೇ ಇದ್ದಾನೆಂದು 2014ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಚಾನೆಲ್ 4 ಬಯಲಿಗೆಳೆದ ಕೆಲವೇ ದಿನಗಳಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ಹಗಲು ಕಂಪನಿ ನೌಕರಿ, ಉಳಿದ ಹೊತ್ತು ಟ್ವೀಟು. ಯುದ್ಧಭೂಮಿಗೆ ಕಾಲಿಟ್ಟವನಲ್ಲ, ಯಾವ ದೇಶದ ಪಟ್ಟಿಯಲ್ಲೂ ಹೆಸರಿದ್ದವನಲ್ಲ. 'ಪಟ್ಟಿಯಲ್ಲಿರುವವರಿಗೆ ಖಾತೆ ಕೊಡಬೇಡಿ' ಎಂದಷ್ಟೇ ಹೇಳುವ ಕಾನೂನು ಅವನ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಕೆಲಸಕ್ಕೆ ಬರುವ ಕಾನೂನು ಹೆಸರಿನ ಜೊತೆಗೆ ನಡತೆಯನ್ನೂ ಹೇಳಬೇಕು: ನೇಮಕಾತಿ, ಹಣ ಸಂಗ್ರಹ, ದಾಳಿಗೆ ಪ್ರಚೋದನೆ, ಬಾಂಬು ತಯಾರಿಕೆಯ ಪಾಠ. ನಡತೆಯನ್ನು ಬರೆದ ಕೂಡಲೇ ಅರ್ಥ ಹಿಗ್ಗತೊಡಗುತ್ತದೆ ಎನ್ನುವುದು ಬೇರೆ ತಲೆನೋವು.

2. ಯಾರ ಪಟ್ಟಿ ಎಂದು ಕೇಳಿ

2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನಿನ ಕೈಗೆ ಬಂತು. ಅಮೆರಿಕದ ನಿರ್ಬಂಧಗಳನ್ನು ತೋರಿಸಿ ಫೇಸ್‌ಬುಕ್ ಅವರನ್ನು ಹೊರಗೇ ಇಟ್ಟಿತು. ಅದೇ ವಾರ ಅವರ ವಕ್ತಾರ ಜಬೀಉಲ್ಲಾ ಮುಜಾಹಿದ್ ಟ್ವಿಟರಿನಲ್ಲಿ ಪತ್ರಿಕಾ ಪ್ರಕಟಣೆ ಹಾಕುತ್ತಿದ್ದರು. ಹಿಂಸೆಗೆ ಪ್ರಚೋದಿಸದಿದ್ದರೆ ಖಾತೆ ಇರಬಹುದು ಎಂಬುದು ಟ್ವಿಟರಿನ ನಿಲುವು. ಎರಡೂ ಅಮೆರಿಕದ ಕಂಪನಿಗಳೇ, ಎರಡರ ಮೇಲೂ ಇದ್ದದ್ದು ಒಂದೇ ಕಾನೂನು. ಅದೇ ವರ್ಷ ಅಕ್ಟೋಬರಿನಲ್ಲಿ ಫೇಸ್‌ಬುಕ್ಕಿನ 'ಅಪಾಯಕಾರಿ ವ್ಯಕ್ತಿಗಳು ಮತ್ತು ಸಂಘಟನೆಗಳು' ಎಂಬ ಒಳಪಟ್ಟಿ ಸೋರಿಕೆಯಾಗಿ ಪ್ರಕಟವಾಯಿತು: ನಾಲ್ಕು ಸಾವಿರಕ್ಕೂ ಹೆಚ್ಚು ಹೆಸರು. ಯಾವ ಶಾಸನಸಭೆಯೂ ಅದನ್ನು ಅಂಗೀಕರಿಸಿರಲಿಲ್ಲ. ದಿನನಿತ್ಯ ಹೆಚ್ಚು ಖಾತೆಗಳನ್ನು ಉರುಳಿಸುವುದು ಇಂಥ ಪಟ್ಟಿಗಳೇ. ಸರ್ಕಾರಿ ಆದೇಶದಿಂದ ಬೀಳುವವು ಅದರ ಮುಂದೆ ಕಡಿಮೆ.

3. ಸಂತ್ರಸ್ತರು ಕಂಪನಿಯ ಮೇಲೆ ಕೇಸು ಹಾಕಿದರೆ ಸೋಲುವ ಸಂಭವವೇ ಹೆಚ್ಚು

ಇಸ್ತಾಂಬುಲ್‌ನ ರೀನಾ ನೈಟ್‌ಕ್ಲಬ್ಬಿನಲ್ಲಿ 2017ರ ಹೊಸ ವರ್ಷದ ರಾತ್ರಿ 39 ಜನರನ್ನು ಕೊಂದ ಪ್ರಕರಣದಲ್ಲಿ ಮೃತನೊಬ್ಬನ ಬಂಧುಗಳು ಟ್ವಿಟರ್, ಗೂಗಲ್, ಫೇಸ್‌ಬುಕ್‌ಗಳನ್ನು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಎಳೆದರು. 2023ರ ಮೇ 18ರಂದು ಕೋರ್ಟು ಒಮ್ಮತದಿಂದ ಹೇಳಿತು: ಐಸಿಸ್ ಮಂದಿ ಎಲ್ಲರಂತೆ ವೇದಿಕೆ ಬಳಸಿದರು ಎಂಬುದೊಂದರಿಂದಲೇ ಕಂಪನಿ ಆ ದಾಳಿಗೆ ನೆರವಾಯಿತು ಎನ್ನಲಾಗದು. ಆ ದಾರಿ ಮುಚ್ಚಿದಷ್ಟೂ ಶಾಸನಸಭೆಗಳ ಮೇಲೆ ಒತ್ತಡ ಹೆಚ್ಚುತ್ತದೆ.

4. ಆದೇಶ ಬರೆದ ರೀತಿಯಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ

ಈ ಕೆಲಸದಲ್ಲಿ ನಾನು ಹೆಚ್ಚು ತಲೆಕೆಡಿಸಿಕೊಂಡ ವಿಷಯ ಇದು, ಹಾಗಾಗಿ ತುಸು ಉದ್ದವಾಗಿ ಹೇಳುತ್ತೇನೆ.

ಭಾರತದಲ್ಲಿ ಮುಖ್ಯ ದಾರಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಂ ಮತ್ತು 2009ರ ತಡೆ ನಿಯಮಗಳು. ರಾಜ್ಯದ ಪೊಲೀಸರೋ ಇಲಾಖೆಯೋ ತಮ್ಮ ನೋಡಲ್ ಅಧಿಕಾರಿಯ ಮೂಲಕ ದೆಹಲಿಗೆ ಕೋರಿಕೆ ಕಳಿಸಬೇಕು. ಅಲ್ಲಿ ನಿಯುಕ್ತ ಅಧಿಕಾರಿ, ಅವರ ಜೊತೆ ಕಾನೂನು, ಗೃಹ, ವಾರ್ತಾ ಇಲಾಖೆಗಳ ಮತ್ತು ಸೈಬರ್ ತುರ್ತು ತಂಡವಾದ ಸರ್ಟ್-ಇನ್‌ನ ಪ್ರತಿನಿಧಿಗಳಿರುವ ಸಮಿತಿ ಅದನ್ನು ನೋಡುತ್ತದೆ. ಪೋಸ್ಟು ಹಾಕಿದವನನ್ನೋ ವೇದಿಕೆಯನ್ನೋ ಗುರುತಿಸಲು ಸಾಧ್ಯವಾದರೆ ನೋಟಿಸು ಕೊಟ್ಟು, ಉತ್ತರಕ್ಕೆ ಕನಿಷ್ಠ 48 ಗಂಟೆ ಬಿಡಬೇಕು. ತುರ್ತಾದರೆ ಮೊದಲು ತಡೆದು, 48 ಗಂಟೆಯೊಳಗೆ ಸಮಿತಿಯ ಮುಂದಿಡಬೇಕು. ಆದೇಶ ಪಾಲಿಸದ ಕಂಪನಿಯವರಿಗೆ ಏಳು ವರ್ಷದವರೆಗೆ ಜೈಲು. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಶ್ರೇಯಾ ಸಿಂಘಾಲ್ ತೀರ್ಪು ಅದೇ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕಿಯೂ 69ಎಯನ್ನು ಉಳಿಸಿದ್ದು ಈ ಕಟ್ಟುಪಾಡುಗಳಿವೆ, ಕಾರಣವನ್ನು ಬರಹದಲ್ಲಿ ದಾಖಲಿಸಬೇಕೆಂಬ ಷರತ್ತಿದೆ ಎಂಬ ನಂಬಿಕೆಯ ಮೇಲೆ.

ಕಾಗದದ ಮೇಲೆ ಇಷ್ಟಿದೆ. ಇನ್ನು ಮೇಜಿನ ಮೇಲೆ ಬರುವುದು. ಒಂದು ಒಳ್ಳೆಯ ಆದೇಶದಲ್ಲಿ ಪೋಸ್ಟಿನ ಪೂರ್ತಿ ವಿಳಾಸ, ಖಾತೆಯ ಸಂಖ್ಯಾ ಗುರುತು, ತುಣುಕಿನಲ್ಲಿ ಎಷ್ಟನೇ ನಿಮಿಷದಲ್ಲಿ ಏನಿದೆ, ಯಾವ ಸಂಘಟನೆ, ಯಾವ ಕಲಂ ಎಲ್ಲ ಇರುತ್ತದೆ. ಅಂಥದ್ದನ್ನು ಚಹಾ ಆರುವುದರೊಳಗೆ ಮುಗಿಸಬಹುದು. ಕೆಟ್ಟ ಆದೇಶ ಸ್ಕ್ಯಾನ್ ಮಾಡಿದ ಹಾಳೆಯಾಗಿ ಬರುತ್ತದೆ; ಲಿಂಕು ಎರಡು ಸಾಲಿಗೆ ಮುರಿದಿರುತ್ತದೆ, ಸೊನ್ನೆಯೋ 'ಓ' ಅಕ್ಷರವೋ ತಿಳಿಯುವುದಿಲ್ಲ, ಹ್ಯಾಂಡಲ್ ಹೆಸರು ಮಾತ್ರ ಇರುತ್ತದೆ. ಹ್ಯಾಂಡಲನ್ನು ನಿಮಿಷದಲ್ಲಿ ಬದಲಾಯಿಸಬಹುದು, ಬಿಟ್ಟ ಹೆಸರನ್ನು ಬೇರೆಯವರು ಹಿಡಿಯಬಹುದು. ಬದಲಾಗದೆ ಉಳಿಯುವುದು ಸಂಖ್ಯಾ ಗುರುತು. ಅದಿಲ್ಲದ ಆದೇಶ ಪಾಪದವನ ಖಾತೆಗೆ ಬೀಗ ಹಾಕಿಸಿ, ಬೇಕಾದವನನ್ನು ಹೊಸ ಹೆಸರಿನಲ್ಲಿ ಓಡಾಡಲು ಬಿಡುತ್ತದೆ.

ವ್ಯಾಪ್ತಿಯೂ ಅಷ್ಟೇ ಮುಖ್ಯ. 2014ರ ಕೊನೆಯಲ್ಲಿ ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳದ ಕೋರಿಕೆಯಂತೆ ಐಸಿಸ್ ಪ್ರಚಾರ ತಡೆಯಲೆಂದು 32 ತಾಣಗಳನ್ನು ದೇಶದಲ್ಲಿ ಮುಚ್ಚಲಾಯಿತು. ವಿಮಿಯೊ, ಡೈಲಿಮೋಷನ್, ಪೇಸ್ಟ್‌ಬಿನ್, ಇಂಟರ್ನೆಟ್ ಆರ್ಕೈವ್, ಗಿಟ್‌ಹಬ್ ಎಲ್ಲ ಅದರಲ್ಲಿದ್ದವು. ಕೆಲವು ಪುಟಗಳಿಗಾಗಿ ಇಡೀ ತಾಣಗಳು ಹೋದವು. ವಿರೋಧ ಎದ್ದು, ತಾಣಗಳು ಒಂದೊಂದಾಗಿ ತೆರೆದವು. ಇಲಿ ಹಿಡಿಯಲು ಮನೆಗೇ ಬೆಂಕಿ ಹಚ್ಚಿದ ಹಾಗೆ ಎಂದು ಆಗ ನಮ್ಮ ಸಾಫ್ಟ್‌ವೇರ್ ಗೆಳೆಯರು ಬೈದುಕೊಂಡದ್ದರಲ್ಲಿ ತಪ್ಪೇನಿರಲಿಲ್ಲ.

ಸಂಖ್ಯೆಯ ಏರಿಕೆ ನೋಡಿ. ಸಂಸತ್ತಿಗೆ ಕೊಟ್ಟ ಉತ್ತರಗಳ ಪ್ರಕಾರ 69ಎ ಅಡಿಯಲ್ಲಿ ತಡೆದ ಲಿಂಕುಗಳು 2014ರಲ್ಲಿ 471, 2020ರಲ್ಲಿ 9,849. ಇದರಲ್ಲಿ ಭಯೋತ್ಪಾದನೆಯದು ಎಷ್ಟು, ಬರಿಯ ಕಿರಿಕಿರಿಯದು ಎಷ್ಟು ಎಂದು ಹೊರಗಿನವರು ನೋಡುವಂತಿಲ್ಲ; ಆ ತಡೆ ನಿಯಮಗಳಲ್ಲಿ 16ನೆಯದು ಕೋರಿಕೆಯನ್ನೂ ಕ್ರಮವನ್ನೂ ಗುಟ್ಟಾಗಿಡಬೇಕೆನ್ನುತ್ತದೆ. 2025ರ ಮೇನಲ್ಲಿ ಗಡಿಯಲ್ಲಿ ಸಂಘರ್ಷ ನಡೆದಿದ್ದಾಗ ಎಂಟು ಸಾವಿರಕ್ಕೂ ಹೆಚ್ಚು ಖಾತೆಗಳನ್ನು ಭಾರತದಲ್ಲಿ ತಡೆಯುವಂತೆ ಆದೇಶ ಬಂದಿದೆ, ಹೆಚ್ಚಿನವುಗಳಲ್ಲಿ ಯಾವ ಪೋಸ್ಟು ಕಾನೂನು ಮೀರಿತೆಂಬ ವಿವರವಿಲ್ಲ ಎಂದು ಎಕ್ಸ್ (ಹಿಂದಿನ ಟ್ವಿಟರ್) ಬಹಿರಂಗವಾಗಿಯೇ ಹೇಳಿತು.

ಈ ಜಗಳ ಬಂದು ನಿಂತದ್ದು ನಮ್ಮ ಹೈಕೋರ್ಟಿನಲ್ಲೇ. 2022ರಲ್ಲಿ ಟ್ವಿಟರ್ ತಡೆ ಆದೇಶಗಳನ್ನು ಪ್ರಶ್ನಿಸಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಒಂದು ಟ್ವೀಟನ್ನಷ್ಟೇ ಏಕೆ, ಇಡೀ ಖಾತೆಯನ್ನೂ ತಡೆಯುವ ಅಧಿಕಾರ ಸರ್ಕಾರಕ್ಕಿದೆ ಎಂದರು. ಈ ವಿಷಯದಲ್ಲಿ ನನ್ನದು ಮಧ್ಯದ ದಾರಿ. ನೇಮಕಾತಿಗೆಂದೇ ಹುಟ್ಟಿದ ಖಾತೆಯಲ್ಲಿ ಒಂದೊಂದೇ ಪೋಸ್ಟು ಹೆಕ್ಕುತ್ತ ಕೂರುವುದು ದಡ್ಡತನ, ಇಡೀ ಖಾತೆ ಹೋಗಲಿ. ಹತ್ತು ವರ್ಷದ ಬರಹವಿರುವ ಪತ್ರಕರ್ತನ ಒಂದು ಸಾಲಿಗೆ ಅದೇ ಅಳತೆಗೋಲು ಹಿಡಿದರೆ ಅನ್ಯಾಯ. ಈ ಎರಡನ್ನು ಬೇರ್ಪಡಿಸಬಲ್ಲದ್ದು ಆದೇಶದಲ್ಲಿ ಬರೆದ ಕಾರಣ ಒಂದೇ. ಕಾರಣವಿಲ್ಲದಿದ್ದರೆ ಮೇಜಿನ ಈಚೆ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಎರಡಕ್ಕೂ ಒಂದೇ ಗುಂಡಿ.

ಆಮೇಲೆ ಬಂದದ್ದು 'ಸಹಯೋಗ್' ಪೋರ್ಟಲ್. ಗೃಹ ಇಲಾಖೆಯ ಸೈಬರ್ ಅಪರಾಧ ಕೇಂದ್ರ ನಡೆಸುವ ಇದರಲ್ಲಿ ಬೇರೆ ಬೇರೆ ಇಲಾಖೆ, ರಾಜ್ಯ ಪೊಲೀಸರು ಅದೇ ಕಾಯ್ದೆಯ 79(3)(ಬಿ) ಕಲಮಿನಡಿ ಕಂಪನಿಗಳಿಗೆ ನೇರ ನೋಟಿಸು ಕಳಿಸಬಹುದು; 69ಎಯ ಸಮಿತಿ, ವಿಚಾರಣೆ ಇಲ್ಲಿಲ್ಲ. ಇದನ್ನು ಪ್ರಶ್ನಿಸಿದ ಎಕ್ಸ್ ಅರ್ಜಿಯನ್ನೂ 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ವಜಾ ಮಾಡಿದರು. ಪೊಲೀಸರ ಕಷ್ಟ ನನಗೆ ಗೊತ್ತು. ದೆಹಲಿ ಸುತ್ತಿ ಬರುವಷ್ಟರಲ್ಲಿ ವಿಡಿಯೊ ಊರೆಲ್ಲ ತಿರುಗಿರುತ್ತದೆ. ಆದರೂ ಸಮಿತಿಯ ಮುಂದೆ ಹೋಗುವ ಕಾಗದವನ್ನು ಯಾರಾದರೂ ಒಮ್ಮೆ ತಿದ್ದಿರುತ್ತಾರೆ ಎನ್ನುವುದು ಸಣ್ಣ ಲಾಭವಲ್ಲ.

5. ಗಡಿಯಾರ ಬಿಗಿದಷ್ಟೂ ನಿರ್ಧಾರ ಯಂತ್ರದ್ದಾಗುತ್ತದೆ

ಐರೋಪ್ಯ ಒಕ್ಕೂಟದ 2021/784 ನಿಯಮ 2022ರ ಜೂನ್ 7ರಿಂದ ಜಾರಿಯಲ್ಲಿದೆ. ಯಾವುದೇ ಸದಸ್ಯ ರಾಷ್ಟ್ರದ ಅಧಿಕೃತ ಸಂಸ್ಥೆ ಆದೇಶ ಕೊಟ್ಟರೆ ಒಂದು ಗಂಟೆಯೊಳಗೆ ಭಯೋತ್ಪಾದಕ ವಸ್ತುವನ್ನು ತೆಗೆಯಬೇಕು. ಪದೇ ಪದೇ ತಪ್ಪಿದರೆ ದಂಡ ಜಾಗತಿಕ ವಹಿವಾಟಿನ ನೂರಕ್ಕೆ 4ರವರೆಗೆ. ನಮ್ಮ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ 36 ಗಂಟೆ ಎಂದಿತ್ತು. ಒಂದು ಗಂಟೆಯಲ್ಲಿ ಓದಿ, ಸಂದರ್ಭ ನೋಡಿ, ವಕೀಲರನ್ನು ಕೇಳಿ ತೀರ್ಮಾನಿಸಲು ಆಗುವುದಿಲ್ಲ. ಆಗುವುದು ಪಾಲನೆ ಮಾತ್ರ. ಫ್ರಾನ್ಸಿನ ಅವಿಯಾ ಕಾನೂನು ಇದೇ ಗಂಟೆಯ ಗಡುವನ್ನು ಇಟ್ಟಿತ್ತು. 2020ರ ಜೂನಿನಲ್ಲಿ ಅಲ್ಲಿನ ಸಂವಿಧಾನ ಮಂಡಳಿ ಅದನ್ನು ಹೊಡೆದುಹಾಕಿತು. ಐರೋಪ್ಯ ನಿಯಮದಲ್ಲಿ ನನಗೆ ಹಿಡಿಸಿದ್ದು ಎರಡು ಸಣ್ಣ ಸಂಗತಿ. ಒಂದು ಕಂಪನಿಗೆ ಮೊದಲ ಸಲ ಆದೇಶ ಕೊಡುವಾಗ, ತುರ್ತಿಲ್ಲದಿದ್ದರೆ, 12 ಗಂಟೆ ಮುಂಚೆ ಕ್ರಮವನ್ನು ವಿವರಿಸಬೇಕು. ಪತ್ರಿಕೋದ್ಯಮ, ಶಿಕ್ಷಣ, ಸಂಶೋಧನೆ, ಕಲೆಗೆ ಬಳಸಿದ್ದನ್ನು ಭಯೋತ್ಪಾದಕ ವಸ್ತು ಎನ್ನುವಂತಿಲ್ಲ.

ಹಾಗಂತ ಅವಸರವೇ ಬೇಡ ಎನ್ನಲಾರೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಮಸೀದಿಗಳಿಗೆ ನುಗ್ಗಿ 51 ಜನರನ್ನು ಕೊಂದವನು ಅದನ್ನು ಫೇಸ್‌ಬುಕ್ಕಿನಲ್ಲಿ 17 ನಿಮಿಷ ನೇರ ಪ್ರಸಾರ ಮಾಡಿದ. ಆಗ ನೋಡುತ್ತಿದ್ದವರು ಇನ್ನೂರೂ ಇರಲಿಲ್ಲ, ಅವರಲ್ಲಿ ಒಬ್ಬರೂ ರಿಪೋರ್ಟ್ ಮಾಡಲಿಲ್ಲ. ಮೊದಲ ರಿಪೋರ್ಟು ಬಂದದ್ದು ಪ್ರಸಾರ ಮುಗಿದು 12 ನಿಮಿಷದ ಮೇಲೆ. ವಿಡಿಯೊ ತೆಗೆಯುವಷ್ಟರಲ್ಲಿ ಅದನ್ನು ಸುಮಾರು ನಾಲ್ಕು ಸಾವಿರ ಸಲ ನೋಡಿಯಾಗಿತ್ತು, ಯಾರೋ ಒಬ್ಬರು ಅದನ್ನು ಇಳಿಸಿಕೊಂಡು ಬೇರೆ ಕಡೆ ಹಾಕಿಯೂ ಆಗಿತ್ತು.

6. ಹ್ಯಾಶ್ ಒಳ್ಳೆಯ ಆಳು, ಆದರೆ ಕುರುಡು

ಕ್ರೈಸ್ಟ್‌ಚರ್ಚ್ ದಾಳಿಯ ಮುಂದಿನ 24 ಗಂಟೆಯಲ್ಲಿ ಫೇಸ್‌ಬುಕ್ ಆ ವಿಡಿಯೊದ 15 ಲಕ್ಷ ಪ್ರತಿಗಳನ್ನು ತೆಗೆಯಿತು, ಅವುಗಳಲ್ಲಿ 12 ಲಕ್ಷವನ್ನು ಮೇಲೇರಿಸುವ ಹಂತದಲ್ಲೇ ತಡೆಯಿತು. ಇದು ಸಾಧ್ಯವಾದದ್ದು ಹ್ಯಾಶ್‌ನಿಂದ: ಚಿತ್ರ ಅಥವಾ ವಿಡಿಯೊದಿಂದ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ. ಅದೇ ಸಂಖ್ಯೆ, ಅಥವಾ ಅದಕ್ಕೆ ತೀರ ಹತ್ತಿರದ್ದು, ಮತ್ತೆ ಬಂದರೆ ಯಂತ್ರ ತಡೆಯುತ್ತದೆ. ಫೇಸ್‌ಬುಕ್, ಮೈಕ್ರೋಸಾಫ್ಟ್, ಟ್ವಿಟರ್, ಯೂಟ್ಯೂಬ್ ಸೇರಿ 2017ರಲ್ಲಿ ಕಟ್ಟಿದ ಜಿಐಎಫ್‌ಸಿಟಿ ಎಂಬ ಒಕ್ಕೂಟದ ಮೂಲಕ ಈ ಸಂಖ್ಯೆಗಳನ್ನು ಕಂಪನಿಗಳು ಹಂಚಿಕೊಳ್ಳುತ್ತವೆ, ವಿಡಿಯೊವನ್ನಲ್ಲ, ಸಂಖ್ಯೆಯನ್ನಷ್ಟೇ.

ಆದರೆ ಕ್ರೈಸ್ಟ್‌ಚರ್ಚ್ ವಿಡಿಯೊಗೆ ಎಂಟುನೂರಕ್ಕೂ ಹೆಚ್ಚು ರೂಪಾಂತರ ಬಂದವು. ಅಂಚು ಕತ್ತರಿಸಿದ್ದು, ಟೀವಿ ಪರದೆಯನ್ನು ಮೊಬೈಲಿನಲ್ಲಿ ಹಿಡಿದದ್ದು, ಮೇಲೆ ಪಟ್ಟಿ ಹಾಕಿದ್ದು. ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಬೇಕು. ಇನ್ನೊಂದು ತೊಡಕು: ವಿಡಿಯೊವನ್ನು ಹಾಕಿದವನು ಕೊಲೆಗಡುಕನ ಅಭಿಮಾನಿಯೋ, ಖಂಡಿಸುವ ಸುದ್ದಿವಾಹಿನಿಯೋ ಎಂಬುದು ಸಂಖ್ಯೆಯಲ್ಲಿ ಬರೆದಿರುವುದಿಲ್ಲ. ಅದನ್ನು ಹೇಳಲು ಆ ಭಾಷೆ ಬಲ್ಲ ಮನುಷ್ಯ ಬೇಕು, ಅವನಿಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತೂ ಬೇಕು.

7. ತೆಗೆಯುವ ಮೊದಲು ಎತ್ತಿಡಿ

ಕಾನೂನು ಮಾಡುವವರು ಮರೆಯುವುದು, ತನಿಖೆ ಮಾಡುವವರು ಆಮೇಲೆ ಬಂದು ಕೇಳುವುದು ಇದನ್ನೇ. 2017ರಲ್ಲಿ ಯೂಟ್ಯೂಬ್ ಉಗ್ರವಾದಿ ವಿಡಿಯೊ ಪತ್ತೆಗೆ ಹೊಸ ಯಂತ್ರ ಕೂರಿಸಿದಾಗ ಸಿರಿಯಾದ ಯುದ್ಧಾಪರಾಧಗಳನ್ನು ಅಲ್ಲಿನ ಜನರೇ ಚಿತ್ರೀಕರಿಸಿಟ್ಟಿದ್ದ ಸಾವಿರಾರು ವಿಡಿಯೊಗಳೂ ಚಾನೆಲ್ಲುಗಳೂ ಮಾಯವಾದವು. ಸಿರಿಯನ್ ಆರ್ಕೈವ್ ಸಂಸ್ಥೆಯವರು ಬೆನ್ನುಬಿದ್ದು ಹಲವನ್ನು ಮರಳಿ ತರಿಸಿದರು. ವಿಚಿತ್ರವೆಂದರೆ ಅದೇ ವರ್ಷ ಆಗಸ್ಟಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಬಿಯಾದ ಕಮಾಂಡರ್ ಮಹಮೂದ್ ಅಲ್-ವೆರ್ಫಲ್ಲಿ ವಿರುದ್ಧ ವಾರಂಟು ಹೊರಡಿಸಿದ್ದು ಸಾಮಾಜಿಕ ಜಾಲತಾಣದಲ್ಲಿ ಹರಿದಾಡಿದ ಮರಣದಂಡನೆಯ ವಿಡಿಯೊಗಳನ್ನು ಆಧರಿಸಿ. ಯಂತ್ರಕ್ಕೆ ಅವೂ ತೆಗೆಯಬೇಕಾದ ವಿಡಿಯೊಗಳೇ.

ನಮ್ಮಲ್ಲೂ ಅಷ್ಟೇ. ಟ್ವೀಟೇ ಅಪರಾಧದ ಮುಖ್ಯ ಸಾಕ್ಷ್ಯವಾದಾಗ ಸ್ಕ್ರೀನ್‌ಶಾಟು ಸಾಲದು. ವಿದ್ಯುನ್ಮಾನ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟು 2020ರ ಜುಲೈನಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಖಚಿತಪಡಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಆದ್ದರಿಂದ ಠಾಣೆಗಳಿಂದ ಕರೆ ಬಂದಾಗಲೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: ಸಾರ್, 'ತೆಗೆಯಿರಿ' ಎಂಬ ಕಾಗದದ ಜೊತೆಗೇ 'ಕಾದಿರಿಸಿ' ಎಂಬ ಕಾಗದವನ್ನೂ ಕಳಿಸಿ. ಐರೋಪ್ಯ ನಿಯಮ ತೆಗೆದ ವಸ್ತುವನ್ನು ಆರು ತಿಂಗಳು ಇಟ್ಟಿರಬೇಕೆನ್ನುತ್ತದೆ. ನಮ್ಮ 2021ರ ನಿಯಮಗಳು 180 ದಿನ ಎಂದವು. ಕೇಸು ಕೋರ್ಟಿಗೆ ಬರುವಷ್ಟರಲ್ಲಿ ಇದು ಮುಗಿದುಹೋಗಿರುತ್ತದೆ, ಹಾಗಾಗಿ ಅವಧಿ ವಿಸ್ತರಿಸುವ ಪತ್ರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಳಿಸುವ ಇನ್‌ಸ್ಪೆಕ್ಟರನ್ನು ಕಂಡರೆ ನನಗೆ ವಿಶೇಷ ಗೌರವ.

8. ಓಡಿಸಿದರೆ ಓಡುತ್ತಾರೆ, ಆದರೂ ಓಡಿಸುವುದರಲ್ಲಿ ಲಾಭವಿದೆ

'ಒಂದು ಮುಚ್ಚಿದರೆ ಹತ್ತು ತೆರೆಯುತ್ತಾರೆ, ಏನು ಪ್ರಯೋಜನ' ಎಂದು ಕೇಳುವವರಿಗೆ ನನ್ನ ಉತ್ತರ: ಪ್ರಯೋಜನವಿದೆ. 2014ರ ಕೊನೆಗೆ ಟ್ವಿಟರಿನಲ್ಲಿ ಕನಿಷ್ಠ 46 ಸಾವಿರ ಐಸಿಸ್ ಪರ ಖಾತೆಗಳಿದ್ದವೆಂದು ಬ್ರೂಕಿಂಗ್ಸ್ ಸಂಸ್ಥೆಗಾಗಿ ಬರ್ಗರ್ ಮತ್ತು ಮಾರ್ಗನ್ ಅಂದಾಜು ಮಾಡಿದ್ದರು. 2015ರ ಮಧ್ಯದಿಂದ 2016ರ ಆಗಸ್ಟಿನವರೆಗೆ ಟ್ವಿಟರ್ 3,60,000 ಖಾತೆಗಳನ್ನು ಅಮಾನತು ಮಾಡಿತು. ಹೊಸ ಖಾತೆ ತೆರೆದವನಿಗೆ ಹಳೆಯ ಸಾವಿರಾರು ಹಿಂಬಾಲಕರು ಸಿಗುವುದಿಲ್ಲ. ದಾರಿಹೋಕನ ಕಣ್ಣಿಗೆ ಬೀಳುವುದು ಕಡಿಮೆಯಾಗುತ್ತದೆ. ಐಸಿಸ್ ಮಂದಿ ಟೆಲಿಗ್ರಾಂಗೆ ಹೋದರು. 2019ರ ನವೆಂಬರಿನಲ್ಲಿ ಯೂರೋಪೋಲ್ ಜೊತೆ ಸೇರಿ ಟೆಲಿಗ್ರಾಂ ಅವರನ್ನು ಅಲ್ಲಿಂದಲೂ ಕಿತ್ತುಹಾಕಿತು.

ಆದರೆ ಓಡುವವರು ಹೋಗಿ ಅಡಗುವುದು ಸಣ್ಣವರ ಅಂಗಳದಲ್ಲಿ. ಐಸಿಸ್ ತನ್ನ ಪ್ರಕಟಣೆಗಳಿಗೆ ಬಳಸುತ್ತಿದ್ದ ಜಸ್ಟ್‌ಪೇಸ್ಟ್ ಇಟ್ ಎಂಬ ತಾಣವನ್ನು ಪೋಲೆಂಡಿನಲ್ಲಿ ಒಬ್ಬನೇ ಯುವಕ ನಡೆಸುತ್ತಿದ್ದ. ಅವನಿಗೆ ಒಂದು ಗಂಟೆಯ ಗಡುವು ಎಂದರೆ ನಿದ್ದೆ ಬಿಡು ಎಂದಂತೆ. 2023ರ ಮೇನಲ್ಲಿ ಕಾಶ್ಮೀರದ ಉಗ್ರರು ಬಳಸುತ್ತಾರೆಂದು ಭಾರತ 14 ಸಂದೇಶ ಆ್ಯಪ್‌ಗಳನ್ನು ತಡೆದಾಗ ಎಲಿಮೆಂಟ್, ಬ್ರಯರ್ ಕೂಡ ಅದರಲ್ಲಿದ್ದವು. ಇವು ಯಾರು ಬೇಕಾದರೂ ತೆಗೆದುಕೊಂಡು ನಡೆಸಬಹುದಾದ ಮುಕ್ತ ತಂತ್ರಾಂಶಗಳು. ಉಗ್ರನಿಗೆ ಇನ್ನೊಂದು ಆ್ಯಪ್ ಸಿಕ್ಕೇ ಸಿಗುತ್ತದೆ, ತೊಂದರೆಯಾಗುವುದು ನೆಟ್ಟಗೆ ಬಳಸುತ್ತಿದ್ದವನಿಗೆ.

9. ನೋಡುವವರ ಕಣ್ಣನ್ನೂ ಲೆಕ್ಕಕ್ಕೆ ಹಿಡಿಯಿರಿ

ತಲೆ ಕಡಿಯುವ ವಿಡಿಯೊ ನೋಡುವಾಗ ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ, ಶಬ್ದ ಬಂದ್ ಮಾಡಿ, ಕಿಟಕಿ ಚಿಕ್ಕದು ಮಾಡಿ. ಶಬ್ದವೇ ಹೆಚ್ಚು ದಿನ ಕಾಡುವುದು. 2020ರಲ್ಲಿ ಫೇಸ್‌ಬುಕ್ ಇಂಥದ್ದನ್ನು ನೋಡಿ ಮನಸ್ಸಿಗೆ ಪೆಟ್ಟು ಬಿದ್ದ ತನ್ನ ಮಾಡರೇಟರುಗಳಿಗೆ 5.2 ಕೋಟಿ ಡಾಲರ್ ಕೊಡಲು ಒಪ್ಪಿತು, ಅಮೆರಿಕದಲ್ಲಿ ಕೆಲಸ ಮಾಡಿದವರಿಗೆ ಮಾತ್ರ. ಬೆಂಗಳೂರು, ಹೈದರಾಬಾದಿನ ನಾವು ಅದನ್ನು ಪೇಪರಿನಲ್ಲಿ ಓದಿದೆವು.

10. ಆದೇಶವೇ ನಕಲಿಯಾಗಿರಬಹುದು

ತುರ್ತು ಎಂದು ಕೆಂಪಕ್ಷರದಲ್ಲಿ ಬಂದದ್ದನ್ನು ಎರಡು ಸಲ ನೋಡಿ. ಪೊಲೀಸರ ಹೆಸರಿನಲ್ಲಿ ಖೋಟಾ 'ತುರ್ತು ಕೋರಿಕೆ' ಕಳಿಸಿದ ಹ್ಯಾಕರುಗಳಿಗೆ ಆ್ಯಪಲ್ ಮತ್ತು ಮೆಟಾ 2021ರಲ್ಲಿ ಬಳಕೆದಾರರ ವಿವರ ಕೊಟ್ಟಿದ್ದವು. ಮರುವರ್ಷ ಅದು ಸುದ್ದಿಯಾಯಿತು. ಅಧಿಕಾರಿಯದೆಂದು ಕಂಡ ಇಮೇಲ್ ಕೂಡ ಕದ್ದ ಖಾತೆಯದಾಗಿರಬಹುದು. ಕಾಗದದಲ್ಲಿ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ, ಆ ಠಾಣೆಯ ನಂಬರನ್ನು ಇಲಾಖೆಯ ತಾಣದಲ್ಲಿ ನೀವೇ ಹುಡುಕಿ ಮಾಡಿ. ಅಸಲಿ ಅಧಿಕಾರಿಗಳು ಇದಕ್ಕೆ ಸಿಟ್ಟಾಗುವುದಿಲ್ಲ. ಹೆಚ್ಚೆಂದರೆ ರೈಟರಿಗೆ ಫೋನ್ ಕೊಟ್ಟು ಕ್ರೈಂ ನಂಬರು ಓದಿಸುತ್ತಾರೆ.